ಆಳವಿಲ್ಲದ ನೀರಿನ ಕ್ರ್ಯಾಂಕ್‌ಬೈಟ್ ಮತ್ತು ವಸಂತದ ಬ್ಯಾಸ್

ಆಳವಿಲ್ಲದ ನೀರಿನ ಕ್ರ್ಯಾಂಕ್‌ಬೈಟ್ ಎಂಬುದು ಬ್ಯಾಸ್ ಮೀನಿಗೆ ಗಾಳ ಹಾಕುವವರು ಬಳಸುವ ಒಂದು ಬಗೆಯ ಹುಸಿ ಎರೆ. ಮರದಲ್ಲಿ ಕೆತ್ತಿದ ಇಲ್ಲವೆ ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದ, ಹೆಬ್ಬೆರಳಿನಷ್ಟು ಉದ್ದದ ಗುಂಡುಮೈಯ ಮೀನಿನ ಬೊಂಬೆ ಇದು. ಮೂತಿಯ ಕೆಳಗೆ ಗಟ್ಟಿಯಾದ ಒಂದು ತುಟಿ, ಹೊಟ್ಟೆಗೂ ಬಾಲಕ್ಕೂ ಒಂದೊಂದು ಮೂರುಮುಳ್ಳಿನ ಕೊಕ್ಕೆ. ನೀರಿಗೆ ಬಿದ್ದರೆ ತೇಲುತ್ತದೆ. ರೀಲಿನ ಹಿಡಿ ತಿರುಗಿಸಿ ಎಳೆದರೆ ತುಟಿಗೆ ನೀರು ಬಡಿದು ತಲೆ ಕೆಳಗಾಗಿ, ಮೈ ಕುಲುಕುತ್ತ ಒಂದರಿಂದ ಐದು ಅಡಿ ಆಳದಲ್ಲಿ ಈಜುತ್ತದೆ. ಎಳೆಯುವುದನ್ನು ನಿಲ್ಲಿಸಿದರೆ ಮತ್ತೆ ಮೇಲಕ್ಕೇಳುತ್ತದೆ. ಹಿಡಿ ತಿರುಗಿಸುವ ಕ್ರಿಯೆಗೆ ಇಂಗ್ಲಿಷಿನಲ್ಲಿ ಇರುವ ಹೆಸರೇ ಎರೆಗೂ ಅಂಟಿಕೊಂಡಿದೆ. ಇದು ಹುಟ್ಟಿದ್ದೂ ಬೆಳೆದದ್ದೂ ಅಮೆರಿಕದ ಅಣೆಕಟ್ಟುಗಳ ಹಿನ್ನೀರಿನಲ್ಲಿ. ಅಲ್ಲಿ ಇದಕ್ಕೆ ಹೆಚ್ಚು ಬೆಲೆ ಬರುವುದು ಚಳಿಗಾಲ ಮುಗಿದು ಬ್ಯಾಸ್ ಮೀನು ದಡದತ್ತ ಬರುವ ವಸಂತದಲ್ಲಿ.

ಈ ಎರೆಯನ್ನು ಅರ್ಥಮಾಡಿಕೊಳ್ಳಲು ಒಂದು ಮಾತನ್ನು ಮೊದಲೇ ಹೇಳಬೇಕು. ಇದು ಈಜುವುದಕ್ಕಾಗಿ ಮಾಡಿದ ವಸ್ತುವೆಂದು ಕಾಣುತ್ತದೆ. ನಿಜಕ್ಕೂ ಇದನ್ನು ಮಾಡಿರುವುದು ಡಿಕ್ಕಿ ಹೊಡೆಯುವುದಕ್ಕೆ. ಕಲ್ಲು, ಮರದ ಮೋಟು, ಬಿದ್ದ ಕೊಂಬೆ, ದೋಣಿಕಟ್ಟೆಯ ಕಂಬ ಇವುಗಳಿಗೆ ತಾಗಿ ತಟ್ಟನೆ ದಿಕ್ಕು ತಪ್ಪಿದಾಗಲೇ ಇದು ಮೀನನ್ನು ಕೆರಳಿಸುತ್ತದೆ. ವಸಂತವು ಬ್ಯಾಸ್ ಮೀನನ್ನು ಕರೆತರುವುದು ಇಂಥ ಕಲ್ಲುಮೋಟುಗಳು ತುಂಬಿರುವ ದಡದ ನೀರಿಗೇ. ಆದ್ದರಿಂದ ಈ ಎರೆಯ ಮಾತೂ ಈ ಋತುವಿನ ಮಾತೂ ಒಂದನ್ನೊಂದು ಬಿಟ್ಟು ನಡೆಯುವುದಿಲ್ಲ.

ಮೀನು

ಬ್ಯಾಸ್ ಎಂದು ಇಲ್ಲಿ ಹೇಳುತ್ತಿರುವುದು ಉತ್ತರ ಅಮೆರಿಕದ ಸಿಹಿನೀರಿನ ಮೈಕ್ರೊಪ್ಟೀರಸ್ ಕುಲದ ಮೀನುಗಳನ್ನು. ಸಮುದ್ರದಲ್ಲಿ ಇದೇ ಹೆಸರಿನಿಂದ ಕರೆಸಿಕೊಳ್ಳುವ ಮೀನುಗಳಿಗೂ ಇವಕ್ಕೂ ಹತ್ತಿರದ ನಂಟಿಲ್ಲ. ಇವು ಸೆಂಟ್ರಾರ್ಕಿಡೇ ಕುಟುಂಬದವು. ಅಮೆರಿಕನ್ನರು ಸನ್‌ಫಿಶ್ ಎನ್ನುವ ಬಣ್ಣಬಣ್ಣದ ಪುಟ್ಟ ಕೆರೆಮೀನುಗಳು ಇವುಗಳ ದಾಯಾದಿಗಳು. ಇವುಗಳಲ್ಲಿ ಮುಖ್ಯವಾದದ್ದು ದೊಡ್ಡಬಾಯಿ ಬ್ಯಾಸ್. ಹಸಿರು ಬೆನ್ನು, ಬಿಳಿ ಹೊಟ್ಟೆ, ಪಕ್ಕೆಯುದ್ದಕ್ಕೂ ಕಪ್ಪು ಪಟ್ಟೆ, ಕಣ್ಣಿನ ಹಿಂದಿನವರೆಗೂ ಸೀಳಿದ ಬಾಯಿ. 2022ರ ಪರಿಷ್ಕರಣೆಯ ಬಳಿಕ ಇದರ ಶಾಸ್ತ್ರೀಯ ಹೆಸರು ಮೈಕ್ರೊಪ್ಟೀರಸ್ ನೈಗ್ರಿಕನ್ಸ್. ಹಿಂದಿನ ಸಾಲ್ಮೋಯ್ಡಿಸ್ ಎಂಬ ಹೆಸರು ಈಗ ಫ್ಲಾರಿಡಾ ಬ್ಯಾಸ್‌ಗೆ ಸಂದಿದೆ. ಹಳೆಯ ಪುಸ್ತಕ ಓದುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು. ತಣ್ಣೀರನ್ನೂ ಕಲ್ಲುತಳವನ್ನೂ ಬಯಸುವ ಸಣ್ಣಬಾಯಿ ಬ್ಯಾಸ್, ಇವೆರಡರ ನಡುವಿನ ಸ್ವಭಾವದ ಚುಕ್ಕೆ ಬ್ಯಾಸ್ ಇವೂ ಇದೇ ಎರೆಗೆ ಬೀಳುತ್ತವೆ.

ದಾಖಲೆಗೆ ಸಿಕ್ಕ ಅತಿ ಭಾರದ ದೊಡ್ಡಬಾಯಿ ಬ್ಯಾಸ್ ಎಂಬ ಹೆಸರು ಎರಡು ಮೀನುಗಳಿಗಿದೆ. 1932ರ ಜೂನ್ 2ರಂದು ಜಾರ್ಜಿಯಾದ ಮಾಂಟ್‌ಗೊಮರಿ ಕೆರೆಯಲ್ಲಿ ಜಾರ್ಜ್ ಪೆರಿ ಎಂಬ ರೈತ ಯುವಕ ಹಿಡಿದದ್ದು 22 ಪೌಂಡ್ 4 ಔನ್ಸ್, ಎಂದರೆ ಹತ್ತು ಕಿಲೋ ಮೀರಿದ್ದು. 2009ರ ಜುಲೈ 2ರಂದು ಜಪಾನಿನ ಬಿವಾ ಸರೋವರದಲ್ಲಿ ಮನಾಬು ಕುರಿತಾ ಹಿಡಿದದ್ದು ಅದಕ್ಕಿಂತ ಒಂದೇ ಔನ್ಸಿನಷ್ಟು ಹೆಚ್ಚು. ಆ ಅಂತರ ಸಾಲದೆಂದು ಇಬ್ಬರನ್ನೂ ಸಮಾನರೆಂದು ಸಾರಲಾಯಿತು. ಕುರಿತಾ ಬಳಸಿದ್ದು ಜೀವಂತ ಮೀನಿನ ಎರೆ. ಕ್ರ್ಯಾಂಕ್‌ಬೈಟ್‌ಗೆ ಆ ಕೀರ್ತಿ ಸಲ್ಲುವುದಿಲ್ಲ. ನಾಲ್ಕೈದು ಪೌಂಡಿನ ಮೀನನ್ನೇ ಗಾಳಗಾರರು ದೊಡ್ಡದೆಂದು ಎಣಿಸುತ್ತಾರೆ.

ಋತು

ಬ್ಯಾಸ್ ಶೀತರಕ್ತದ ಪ್ರಾಣಿ. ನೀರು ಎಷ್ಟು ಬೆಚ್ಚಗಿದೆಯೋ ಅಷ್ಟೇ ಅದರ ಚುರುಕು. ಆದ್ದರಿಂದ ಗಾಳಗಾರರ ಪಾಲಿಗೆ ಥರ್ಮಾಮೀಟರೇ ಪಂಚಾಂಗ. ಫ್ಲಾರಿಡಾದಲ್ಲಿ ಜನವರಿಯಲ್ಲೇ ಮೊಟ್ಟೆಯ ಕಾಲ ಶುರುವಾದರೆ, ಅಲಬಾಮಾ ಮತ್ತು ಟೆಕ್ಸಾಸ್‌ಗಳಲ್ಲಿ ಫೆಬ್ರವರಿ ಮಾರ್ಚ್‌ನಲ್ಲಿ ಮೀನು ದಡದ ಕಡೆ ಹೊರಡುತ್ತದೆ. ಮಿಶಿಗನ್ನಿನ ಕೆರೆಗಳಲ್ಲಿ ಅದೇ ದೃಶ್ಯ ಕಾಣಲು ಮೇ ಬರಬೇಕು.

ಚಳಿಗಾಲದಲ್ಲಿ ಆಳದ ತೊರೆಪಾತ್ರಗಳ ಅಂಚಿನಲ್ಲಿ ಮೈಮರೆತು ನಿಂತಿದ್ದ ಮೀನು, ನೀರು ಸುಮಾರು 10 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತಿದ್ದಂತೆ ಮೇಲೆ ಬರತೊಡಗುತ್ತದೆ. ಅಲ್ಲಿಂದ 15 ಡಿಗ್ರಿಯವರೆಗಿನ ಕೆಲವು ವಾರಗಳೇ ಈ ಎರೆಗೆ ಸುಗ್ಗಿ. ಹೆಣ್ಣುಮೀನಿನ ಹೊಟ್ಟೆಯಲ್ಲಿ ಮೊಟ್ಟೆ ಬಲಿಯುತ್ತಿರುತ್ತದೆ, ಹಸಿವು ದೊಡ್ಡದಿರುತ್ತದೆ, ವರ್ಷದಲ್ಲೇ ಅದರ ತೂಕ ಅತಿ ಹೆಚ್ಚಾಗಿರುತ್ತದೆ. ಅದೇ ಹೊತ್ತಿಗೆ ಕಲ್ಲುಸಂದಿಯಲ್ಲಿ ಅಡಗಿದ್ದ ಕ್ರೇಫಿಶ್‌ಗಳು ಹೊರಬರುತ್ತವೆ. ಏಡಿಯಂಥ ಕೊಂಡಿಗಳಿರುವ ಈ ಸಿಹಿನೀರಿನ ಪ್ರಾಣಿ ಬ್ಯಾಸ್‌ಗೆ ಬಲು ಇಷ್ಟದ ತಿಂಡಿ. ಗಾಳಗಾರ ತನ್ನ ಎರೆಯನ್ನು ಕಲ್ಲಿಗೆ ತಾಗಿಸುತ್ತ ಎಳೆಯುವಾಗ ಅನುಕರಿಸುವುದು ಹೆಚ್ಚಾಗಿ ಇದನ್ನೇ.

ಎಲ್ಲ ದಡವೂ ಒಂದೇ ದಿನ ಬೆಚ್ಚಗಾಗುವುದಿಲ್ಲ. ಉತ್ತರ ಮತ್ತು ವಾಯವ್ಯ ಮೂಲೆಯ ಕೊಲ್ಲಿಗಳಿಗೆ ಚಳಿಗಾಳಿಯ ತಡೆಯಿದ್ದು ದಕ್ಷಿಣದ ಬಿಸಿಲು ನೇರವಾಗಿ ಬೀಳುತ್ತದೆ. ಅಲ್ಲಿ ನೀರು ಎರಡು ಮೂರು ಡಿಗ್ರಿ ಮುಂದಿರುತ್ತದೆ. ಕಪ್ಪು ಕೆಸರಿನ ತಳ ಬಿಳಿ ಮರಳಿಗಿಂತ ಬೇಗ ಬಿಸಿ ಹೀರುತ್ತದೆ. ಸೇತುವೆಗಳ ಬುಡದಲ್ಲೂ ಅಣೆಕಟ್ಟಿನ ಮೈಯಲ್ಲೂ, ನಮ್ಮ ಕೆರೆ ಏರಿಯ ಒಳಮೈಗೆ ಹಾಸುವ ಹಾಗೆ, ರಾಶಿ ಕಲ್ಲು ಹಾಸಿರುತ್ತಾರೆ. ಹಗಲಿಡೀ ಕಾದ ಆ ಕಲ್ಲು ಸಂಜೆ ನೀರಿಗೆ ಬಿಸಿ ಕೊಡುತ್ತದೆ. ಹೀಗಾಗಿ ವಸಂತದ ಆರಂಭದಲ್ಲಿ ಬೆಳಗಿನ ಜಾವಕ್ಕಿಂತ ಮಧ್ಯಾಹ್ನದ ಮೂರು ಗಂಟೆ ಒಳ್ಳೆಯ ಹೊತ್ತು. ಬೆಚ್ಚನೆಯ ಮಳೆ ಬಿದ್ದು ತೊರೆಯ ನೀರು ಕೆಂಪಗೆ ಕದಡಿದರೆ ಇನ್ನೂ ಒಳ್ಳೆಯದು. ಮೀನು ಮೊಣಕಾಲುದ್ದದ ನೀರಿಗೂ ನುಗ್ಗುತ್ತದೆ. ಬದಲಾಗಿ ಉತ್ತರದಿಂದ ಚಳಿ ತಿರುಗಿ ಬಂದರೆ ಅದೇ ಮೀನು ಬಿದ್ದ ಮರದ ಕಾಂಡಕ್ಕೆ ಮೈ ಒತ್ತಿ ನಿಂತು, ಎರೆ ಮೂಗಿನ ಮುಂದೆ ಹಾದರಷ್ಟೇ ಬಾಯಿ ತೆರೆಯುತ್ತದೆ.

ಎರೆಯ ರಚನೆ

ತುಟಿಯಲ್ಲಿದೆ ಇದರ ಗುಟ್ಟೆಲ್ಲ. ಉದ್ದವಾಗಿ ಮೈಯ ನೇರಕ್ಕೆ ಮುಂಚಾಚಿದ ತುಟಿ ಎರೆಯನ್ನು ಇಪ್ಪತ್ತು ಅಡಿಯವರೆಗೂ ಇಳಿಸಬಲ್ಲದು. ಮೋಟಾಗಿ, ಮೂತಿಯಿಂದ ಬಹುತೇಕ ಲಂಬವಾಗಿ ಕೆಳಗಿಳಿದ ತುಟಿ ನೀರನ್ನು ಎದುರಿಸುತ್ತದೆಯೇ ಹೊರತು ಆಳಕ್ಕೆ ಒಯ್ಯುವುದಿಲ್ಲ. ನೀರು ತುಟಿಯ ಎರಡು ಅಂಚುಗಳಿಂದ ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸುಳಿಗಟ್ಟಿ ಜಾರುವುದರಿಂದ ಮೈ ಕುಲುಕುತ್ತದೆ. ದಾರ ಕಟ್ಟುವ ಕಣ್ಣು ಮೂತಿಯ ತುದಿಯಲ್ಲೇ ಇದ್ದರೆ ಎರೆ ಮೇಲುನೀರಿನಲ್ಲಿ ಓಡುತ್ತದೆ. ತುಟಿಯ ಮೇಲೆ ಮುಂದಕ್ಕೆ ಇದ್ದರೆ ಆಳಕ್ಕೆ ಧುಮುಕುತ್ತದೆ.

ತುಟಿಯ ಆಕಾರದಲ್ಲಿ ಎರಡು ಮನೆತನ. ದುಂಡು ತುಟಿ ಕಲ್ಲಿಗೆ ಚೆನ್ನ. ಮೂಲೆ ಕತ್ತರಿಸಿದ ಚೌಕ ತುಟಿ, ಗಾಳಗಾರರು ಸ್ಕ್ವೇರ್‌ಬಿಲ್ ಎನ್ನುವುದು, ಮರಕ್ಕೆ. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ನೀರಿನಡಿ ಮಲಗಿರುವ ಕೊಂಬೆಯತ್ತ ಎರೆ ತಲೆತಗ್ಗಿಸಿ ಬರುತ್ತದೆ. ಮೊದಲು ತಾಗುವುದು ತುಟಿಯ ಒಂದು ಮೂಲೆ. ತಾಗಿದೊಡನೆ ಮೈಯೆಲ್ಲ ಆ ಮೂಲೆಯ ಸುತ್ತ ಮಗ್ಗುಲು ಹೊರಳುತ್ತದೆ. ಹೊಟ್ಟೆಯ ಕೊಕ್ಕೆ ಕೊಂಬೆಯಿಂದ ಆಚೆಗೆ ತಿರುಗುತ್ತದೆ. ಎರೆ ಕೊಂಬೆಯ ಮೇಲೇರಿ ಉರುಳಿ, ಆಚೆ ಬದಿಗೆ ಬಿದ್ದು, ಅರೆಗಳಿಗೆ ದಿಕ್ಕುಗಾಣದೆ ನಿಂತು, ಮತ್ತೆ ನೇರವಾಗುತ್ತದೆ. ಗಾಳಗಾರನ ಕೈಗೆ ಬರುವುದು ಒಂದು ಠಕ್ ಎಂಬ ತಾಕು, ಆಮೇಲೆ ದಾರದ ಸಡಿಲು. ಆ ಸಡಿಲಿನಲ್ಲೇ ಕೊಂಬೆಯ ನೆರಳಲ್ಲಿದ್ದ ಬ್ಯಾಸ್ ಬಾಯಿ ತೆರೆದು ನೀರಿನ ಸಮೇತ ಎರೆಯನ್ನು ಒಳಕ್ಕೆ ಹೀರುತ್ತದೆ. ಹಸಿದಿರದ ಮೀನು ಕೂಡ ಹೀಗೆ ಕಚ್ಚುವುದುಂಟು: ಕಣ್ಣೆದುರು ತಟ್ಟನೆ ಎಡವಿದ ಬೇಟೆಯನ್ನು ಬಿಡಲು ಅದಕ್ಕೆ ಆಗುವುದಿಲ್ಲ.

ಮೈ ಮಾಡುವ ವಸ್ತು ಎರಡನೆಯ ಮುಖ್ಯ ಸಂಗತಿ. ಬಾಲ್ಸಾ ಮರ ಬೆಂಡಿನ ಹಾಗೆ ಹಗುರ. ಅದರಿಂದ ಕೆತ್ತಿದ ಎರೆ ಸಣ್ಣ ಎಳೆತಕ್ಕೂ ಜೀವ ಬಂದಂತೆ ಕುಲುಕುತ್ತದೆ, ಸಿಕ್ಕಿಕೊಂಡಾಗ ದಾರ ಸಡಿಲಿಸಿದರೆ ತಾನೇ ಹಿಂದಕ್ಕೆ ತೇಲಿ ಬಿಡಿಸಿಕೊಳ್ಳುತ್ತದೆ. ತೊಂದರೆಯೆಂದರೆ ಎರಡು ಎರೆ ಒಂದೇ ತೆರ ಇರುವುದಿಲ್ಲ, ಕಲ್ಲಿಗೆ ಬಡಿದರೆ ಬಿರುಕು ಬಿಡುತ್ತದೆ, ಗಾಳಿಗೆ ಎದುರಾಗಿ ದೂರ ಹೋಗುವುದಿಲ್ಲ. ಪ್ಲಾಸ್ಟಿಕ್ಕಿನದು ಟೊಳ್ಳು, ಗಟ್ಟಿ, ಅಗ್ಗ. ಒಳಗೆ ಉಕ್ಕಿನ ಇಲ್ಲವೆ ಗಾಜಿನ ಗುಂಡು ಹಾಕಿ ಗಿಲಕಿಯಂತೆ ಸದ್ದು ಮಾಡಿಸಬಹುದು. ಕದಡಿದ ನೀರಿನಲ್ಲಿ ಈ ಸದ್ದು ನೆರವಾಗುತ್ತದೆ. ಬ್ಯಾಸ್ ತನ್ನ ಪಕ್ಕೆಯ ಸಂವೇದನಾರೇಖೆಯಿಂದ ನೀರಿನ ಅಲುಗಾಟವನ್ನೂ ಒಳಗಿವಿಯಿಂದ ಶಬ್ದವನ್ನೂ ಗ್ರಹಿಸಬಲ್ಲದು. ತಿಳಿನೀರಿನಲ್ಲಿ, ಅದರಲ್ಲೂ ದಿನವಿಡೀ ದೋಣಿಗಳು ಓಡಾಡುವ ಕೆರೆಗಳಲ್ಲಿ, ಸದ್ದಿಲ್ಲದ ಬಾಲ್ಸಾವೇ ಮೇಲು ಎಂದು ಬಲ್ಲವರು ಹೇಳುತ್ತಾರೆ. ಒಳ್ಳೆಯ ಬಾಲ್ಸಾ ಎರೆಗೆ ಕಂಪ್ಯೂಟರಿನ ಸರ್ಕಿಟ್ ಬೋರ್ಡು ಮಾಡುವ ತೆಳು ಹಲಗೆಯಿಂದಲೇ ತುಟಿ ಕತ್ತರಿಸಿ ಕೂರಿಸುತ್ತಾರೆ. ಅದು ತೆಳುವಾದಷ್ಟೂ ಕುಲುಕು ಚುರುಕು.

ನೀರು ತಣ್ಣಗಿದ್ದಾಗ ಚಪ್ಪಟೆ ಪಕ್ಕೆಯ, ಬಿಗಿಯಾಗಿ ನಡುಗುವ ಎರೆ, ಬೆಚ್ಚಗಾದಾಗ ಗುಂಡುಮೈಯ, ಅಗಲವಾಗಿ ಓಲಾಡುವ ಎರೆ ಎಂಬುದು ಸಾಮಾನ್ಯ ನಿಯಮ. ಈ ನಿಯಮವನ್ನು ಕಣ್ಣುಮುಚ್ಚಿ ನಂಬಲಾಗದು. ಓಕ್ಲಹೋಮಾದ ಸ್ಟಾರ್ಮ್ ಕಂಪನಿ 1970ರ ದಶಕದಲ್ಲಿ ತಂದ ವಿಗಲ್ ವಾರ್ಟ್ ಎಂಬ ಗಿಡ್ಡ ಎರೆ ಅಗಲವಾಗಿ, ಅಂಕುಡೊಂಕಾಗಿ ಓಡುತ್ತದೆ. ಆದರೂ ಮಿಸೂರಿಯ ಟೇಬಲ್ ರಾಕ್ ಜಲಾಶಯದ ಜಲ್ಲಿಕಲ್ಲಿನ ದಡಗಳಲ್ಲಿ ಮಾರ್ಚ್ ತಿಂಗಳ ತಣ್ಣೀರಿನಲ್ಲಿ ಅದಕ್ಕೆ ಸಾಟಿಯಿಲ್ಲ. ಅದು ಏಳೆಂಟು ಅಡಿ ಇಳಿಯುವುದರಿಂದ ಈ ಲೇಖನದ ಅಂಚಿನಲ್ಲಿ ನಿಲ್ಲುತ್ತದೆ. 1999ರಲ್ಲಿ ಕಂಪನಿ ಕೈಬದಲಾದ ಮೇಲೆ ಬಂದ ಎರೆಗಳು ಹಳೆಯವುಗಳಂತೆ ಓಡುವುದಿಲ್ಲವೆಂದು ನಂಬಿ, ಹಳೆಯ ಸವೆದ ವಾರ್ಟ್‌ಗಳನ್ನು ಹತ್ತಾರು ಪಟ್ಟು ಬೆಲೆ ಕೊಟ್ಟು ಕೊಳ್ಳುವವರು ಇಂದಿಗೂ ಇದ್ದಾರೆ.

ತುಟಿಯೇ ಇಲ್ಲದ ಇನ್ನೊಂದು ಬಗೆಯೂ ಗಾಳಗಾರನ ಪೆಟ್ಟಿಗೆಯಲ್ಲಿರುತ್ತದೆ. ಚಪ್ಪಟೆಯಾದ, ಮುಳುಗುವ, ಬೆನ್ನಿನ ಮೇಲೆ ದಾರದ ಕಣ್ಣಿರುವ, ಒಳಗೆ ಗುಂಡುಗಳು ಗಲಗಲಿಸುವ ಈ ಎರೆಗೆ ಲೂಸಿಯಾನಾದ ಬಿಲ್ ಲೂಯಿಸ್ ಮಾಡಿದ ರ‍್ಯಾಟ್-ಎಲ್-ಟ್ರ್ಯಾಪ್ ಮಾದರಿಯಾಯಿತು. ಕಳೆದ ವರ್ಷದ ಜೊಂಡು ನೀರಿನಡಿ ಗಿಡ್ಡಗೆ ಉಳಿದಿರುವಲ್ಲಿ ಇದರ ರಾಜ್ಯ. ಟೆಕ್ಸಾಸ್ ಒಳಗೇ ಇರುವ ಅತಿ ದೊಡ್ಡ ಜಲಾಶಯ ಸ್ಯಾಮ್ ರೇಬರ್ನ್‌ನಲ್ಲಿ ಫೆಬ್ರವರಿ ಬಂತೆಂದರೆ ಕೆಂಪು ಬಣ್ಣದ ತುಟಿಯಿಲ್ಲದ ಎರೆ ಎಲ್ಲರ ದಾರದಲ್ಲೂ ತೂಗುತ್ತದೆ. ಜೊಂಡಿಗೆ ಸಿಕ್ಕಿದಾಗ ಕೋಲನ್ನು ಜಗ್ಗಿ ಕಿತ್ತರೆ, ಬಿಡಿಸಿಕೊಂಡು ಚಿಮ್ಮಿದ ಆ ಕ್ಷಣ ಮೀನು ಎರಗುತ್ತದೆ. ಮರಕ್ಕೆ ಹೊಡೆದ ಡಿಕ್ಕಿ ಮಾಡುವ ಕೆಲಸವನ್ನೇ ಇಲ್ಲಿ ಜೊಂಡು ಮಾಡುತ್ತದೆ. ಈ ಜೊಂಡಿನಲ್ಲಿ ಬಹುಪಾಲು ಹೈಡ್ರಿಲ್ಲ. ಕರ್ನಾಟಕದ ಕೆರೆಗಳಲ್ಲೂ ಸಹಜವಾಗಿ ಬೆಳೆಯುವ ಈ ನೀರುಗಿಡ 1950ರ ದಶಕದಲ್ಲಿ ಅಕ್ವೇರಿಯಂ ವ್ಯಾಪಾರದ ಮೂಲಕ ಏಷ್ಯಾದಿಂದ ಫ್ಲಾರಿಡಾ ಸೇರಿ, ಅಲ್ಲಿಂದ ದಕ್ಷಿಣದ ಜಲಾಶಯಗಳನ್ನೆಲ್ಲ ತುಂಬಿತು. ಜಲಾಶಯ ನೋಡಿಕೊಳ್ಳುವವರಿಗೆ ಅದು ಕಳೆ. ಬ್ಯಾಸ್ ಹಿಡಿಯುವವರಿಗೆ ಅದೇ ಬೇಟೆಯ ತಾಣ. ಈ ಜಗಳ ಅಲ್ಲಿ ಇನ್ನೂ ಮುಗಿದಿಲ್ಲ.

ಇತಿಹಾಸ

ಮಿಶಿಗನ್ನಿನ ಡೊವಾಜಿಯಾಕ್ ಊರಿನ ಜೇನುಸಾಕಣೆಗಾರ ಜೇಮ್ಸ್ ಹೆಡನ್ 19ನೆಯ ಶತಮಾನದ ಕೊನೆಯಲ್ಲಿ ಮರದ ಎರೆಗಳನ್ನು ಕೆತ್ತಿ ಮಾರತೊಡಗಿದ. ಕೆರೆಯ ದಂಡೆಯಲ್ಲಿ ಕೂತು ಕಡ್ಡಿ ಕೆತ್ತುತ್ತಿದ್ದವನು ಅದನ್ನು ನೀರಿಗೆಸೆದಾಗ ಬ್ಯಾಸ್ ಎಗರಿ ಬಡಿಯಿತಂತೆ ಎಂಬ ಕಥೆ ಆ ಊರಿನಲ್ಲಿ ಇಂದಿಗೂ ಬದುಕಿದೆ. ಇಂಡಿಯಾನಾದ ಗ್ಯಾರೆಟ್ ಊರಿನ ಕ್ರೀಕ್ ಚಬ್ ಕಂಪನಿ ಮರದ ಎರೆಗೆ ಲೋಹದ ತುಟಿ ಕೂರಿಸಿ ಹೆಸರು ಮಾಡಿತು. ಫಿನ್‌ಲ್ಯಾಂಡಿನ ಲೌರಿ ರಾಪಲ 1936ರಲ್ಲಿ ಕೆತ್ತಿದ ಸಪೂರ ಎರೆ 1962ರಲ್ಲಿ ಲೈಫ್ ಪತ್ರಿಕೆಯ ಲೇಖನದಿಂದ ಅಮೆರಿಕದಲ್ಲಿ ಮನೆಮಾತಾಯಿತು.

ಆದರೆ ಇಂದಿನ ಚೌಕತುಟಿಯ ಎರೆಯ ನೇರ ತಂದೆ ಟೆನೆಸಿ ರಾಜ್ಯದ ಓಕ್ ರಿಜ್ ಊರಿನ ಫ್ರೆಡ್ ಯಂಗ್. ಎರಡನೆಯ ಮಹಾಯುದ್ಧದ ಕಾಲಕ್ಕೆ ಅಣುಬಾಂಬಿನ ಯುರೇನಿಯಂ ಸಂಸ್ಕರಿಸಲೆಂದೇ ಕಟ್ಟಿದ ಊರು ಅದು. ಯಂಗ್ 1960ರ ದಶಕದ ಕೊನೆಯಲ್ಲಿ ಬಾಲ್ಸಾ ಮರದಿಂದ ಹೊಟ್ಟೆ ಉಬ್ಬಿದ ಒಂದು ಗುಂಡು ಎರೆ ಕೆತ್ತಿ, ದಪ್ಪಮೈಯ ತನ್ನ ಅಣ್ಣತಮ್ಮಂದಿರಲ್ಲೊಬ್ಬನಾದ ಓಡಿಸ್‌ನ ಹೆಸರಿನಲ್ಲಿ ಅದನ್ನು ಬಿಗ್ ಓ ಎಂದು ಕರೆದ. ಪ್ರತಿಯೊಂದಕ್ಕೂ ಸಂಖ್ಯೆ ಬರೆದು ಸಹಿ ಹಾಕುತ್ತಿದ್ದ. ಒಬ್ಬನೇ ಕೆತ್ತಿದ್ದರಿಂದ ಕೇಳಿದವರಿಗೆಲ್ಲ ಸಿಗುತ್ತಿರಲಿಲ್ಲ. ಪಂದ್ಯದ ಗಾಳಗಾರರು ಅದನ್ನು ದಿನಬಾಡಿಗೆಗೆ ಪಡೆಯುತ್ತಿದ್ದರೆಂದು ಆ ಕಾಲದವರು ಹೇಳುತ್ತಾರೆ. ಅರ್ಕನ್ಸಾದ ಕಾಟನ್ ಕಾರ್ಡೆಲ್ 1970ರ ದಶಕದ ಆರಂಭದಲ್ಲಿ ಹಕ್ಕು ಕೊಂಡು ಪ್ಲಾಸ್ಟಿಕ್ಕಿನಲ್ಲಿ ಹೊರತಂದಾಗ ಅದು ಲಕ್ಷಗಟ್ಟಲೆ ಖರ್ಚಾಯಿತು. ಹಿಂದೆಯೇ ನಾರ್ಮನ್ ಕಂಪನಿಯ ಬಿಗ್ ಎನ್, ಫ್ಲಾರಿಡಾದ ಬ್ಯಾಗ್ಲಿಯ ಬಾಲ್ಸಾ ಬಿ ಬಂದವು. ಒಂದೊಂದಕ್ಕೂ ಒಂದೊಂದು ಅಕ್ಷರವಿದ್ದುದರಿಂದ ಇಡೀ ಪೀಳಿಗೆಗೇ ಅಕ್ಷರಮಾಲೆಯ ಎರೆಗಳೆಂಬ ಹೆಸರು ಬಿತ್ತು. ಅಲಬಾಮಾದ ಯೂಫಾಲದ ಮ್ಯಾನ್ಸ್ ಕಂಪನಿ ಇನ್ನೂ ಮುಂದೆ ಹೋಗಿ ಒಂದು ಅಡಿಯನ್ನೂ ಇಳಿಯದ ಬೇಬಿ ಒನ್-ಮೈನಸ್ ಮಾಡಿತು. ಆಳವೇ ಅದರ ಹೆಸರು.

ಇದೇ ಕಾಲಕ್ಕೆ ಪಂದ್ಯಗಳೂ ಬೆಳೆದವು. ರೇ ಸ್ಕಾಟ್ 1967ರಲ್ಲಿ ಅರ್ಕನ್ಸಾದ ಬೀವರ್ ಕೆರೆಯಲ್ಲಿ ಮೊದಲ ದೊಡ್ಡ ಬ್ಯಾಸ್ ಪಂದ್ಯ ನಡೆಸಿದ. 1971ರಿಂದ ಬ್ಯಾಸ್‌ಮಾಸ್ಟರ್ ಕ್ಲಾಸಿಕ್ ವರ್ಷದ ಕಿರೀಟವಾಯಿತು. ಆ ಕಿರೀಟವನ್ನು ನಾಲ್ಕು ಸಲ ತೊಟ್ಟ ರಿಕ್ ಕ್ಲನ್, 1976, 1977, 1984 ಮತ್ತು 1990ರಲ್ಲಿ, ಆಳವಿಲ್ಲದ ನೀರಿನ ಕ್ರ್ಯಾಂಕ್‌ಬೈಟನ್ನು ಒಂದು ವಿದ್ಯೆಯಾಗಿ ಬೆಳೆಸಿದವನು. ನಾಲ್ಕು ಸಲ ಗೆದ್ದ ಇನ್ನೊಬ್ಬ ಕೆವಿನ್ ವ್ಯಾನ್‌ಡ್ಯಾಮ್. 2010ರ ಫೆಬ್ರವರಿಯಲ್ಲಿ ಅಲಬಾಮಾದ ಲೇ ಕೆರೆಯಲ್ಲಿ ಅವನು ಗೆದ್ದದ್ದು ತುಟಿಯಿಲ್ಲದ ಎರೆಯಿಂದ. ಮರುವರ್ಷ ನ್ಯೂ ಆರ್ಲಿಯನ್ಸ್ ಸುತ್ತಲ ಜೌಗಿನಲ್ಲಿ ಚೌಕತುಟಿಯ ಎರೆಯನ್ನು ನೀರಿನಡಿಯ ಮೋಟುಗಳಿಗೆ ಬಡಿಸುತ್ತ ಮೂರು ದಿನದಲ್ಲಿ 69 ಪೌಂಡ್ 11 ಔನ್ಸ್ ತೂಗಿಸಿದ. ಎರಡೂ ವಸಂತದ ಹೊಸ್ತಿಲಿನ ಗೆಲುವುಗಳು. ಆಳದ ಎರೆಗಳ ಭರಾಟೆಯಲ್ಲಿ ಮರೆಗೆ ಸರಿದಿದ್ದ ಚೌಕತುಟಿ ಆ ಬಳಿಕ ಪ್ರತಿಯೊಂದು ಅಂಗಡಿಯ ಗೋಡೆಗೂ ಮರಳಿತು.

ಎಸೆತ ಮತ್ತು ಎಳೆತ

ಹೊಸಬರು ಮಾಡುವ ದೊಡ್ಡ ತಪ್ಪು ಎರೆಯನ್ನು ತೊಡಕಿನಿಂದ ಕಾಪಾಡುವುದು. ಬಿದ್ದ ಮರ ಕಂಡರೆ ಪಕ್ಕದ ಬಯಲು ನೀರಿಗೆ ಎಸೆಯುತ್ತಾರೆ. ಎಸೆಯಬೇಕಾದ್ದು ಮರದಾಚೆಗೆ, ಎಳೆಯಬೇಕಾದ್ದು ಕೊಂಬೆಗಳ ನಡುವೆ. ಒಂದೇ ಮೋಟಿಗೆ ನಾಲ್ಕು ದಿಕ್ಕಿನಿಂದ ಎಸೆದು, ಐದನೆಯ ಸಲಕ್ಕೆ ಮೀನು ಸಿಕ್ಕುವುದು ಸಾಮಾನ್ಯ. ತುಟಿ ತಾಗಿದ ಕೂಡಲೇ ಹಿಡಿ ತಿರುಗಿಸುವುದನ್ನು ಅರೆಕ್ಷಣ ನಿಲ್ಲಿಸಬೇಕು. ಎರೆ ಹಿಮ್ಮುಖವಾಗಿ ತೇಲಿ ಬಿಡಿಸಿಕೊಳ್ಳುತ್ತದೆ, ಮೀನಿಗೂ ಬಾಯಿ ಹಾಕಲು ಎಡೆ ಸಿಗುತ್ತದೆ. ಸಿಕ್ಕಿಕೊಂಡಾಗ ಗಾಬರಿಯಿಂದ ಜಗ್ಗಿದರೆ ಕೊಕ್ಕೆ ಇನ್ನಷ್ಟು ನಾಟುತ್ತದೆ. ಕಲ್ಲು ಹಾಸಿದ ದಂಡೆಯಲ್ಲಾದರೆ ದೋಣಿಯನ್ನು ದಂಡೆಗೆ ಒತ್ತಿ ನಿಲ್ಲಿಸಿ ಸಮಾನಾಂತರವಾಗಿ ಎಸೆಯುವುದು ಕ್ರಮ: ಎರೆ ಎಸೆತದುದ್ದಕ್ಕೂ ಒಂದೇ ಆಳದಲ್ಲಿ ಕಲ್ಲು ಸವರುತ್ತ ಬರುತ್ತದೆ. ಮೂರು ಅಡಿ ನೀರಿನಲ್ಲಿ ನಾಲ್ಕು ಅಡಿ ಇಳಿಯಬಲ್ಲ ಎರೆಯನ್ನೇ ಆರಿಸುವುದು ಇದಕ್ಕಾಗಿ. ತಳ ಮುಟ್ಟದ ಎರೆ ಅರ್ಧ ಕೆಲಸವನ್ನಷ್ಟೇ ಮಾಡುತ್ತದೆ.

ಕೋಲು ಏಳು ಅಡಿಯದು, ಗಾಜಿನ ನಾರು ಬೆರೆಸಿದ್ದು, ನಡುವಿನವರೆಗೂ ಬಾಗುವಂಥದ್ದು. ಇಂದಿನ ಬಿರುಸಾದ ಇಂಗಾಲದ ನಾರಿನ ಕೋಲುಗಳು ಇಲ್ಲಿ ಕೆಡುಕೇ ಮಾಡುತ್ತವೆ. ಮೀನು ಹೀರಿದ ಎರೆಯನ್ನು ಅದು ಬಾಯಿ ಮುಚ್ಚುವ ಮೊದಲೇ ಎಳೆದುಬಿಡುತ್ತವೆ. ಸಣ್ಣ ಮೂರುಮುಳ್ಳಿನ ಕೊಕ್ಕೆ ತುಟಿ ಹರಿದು ಜಾರಿಹೋಗುತ್ತದೆ. ಬಾಗುವ ಕೋಲಿನಲ್ಲಿ ಮೀನು ತಾನೇ ಗಾಳಕ್ಕೆ ಭಾರ ಕೊಟ್ಟು ಸಿಕ್ಕಿಕೊಳ್ಳುತ್ತದೆ. ದಾರ 12ರಿಂದ 17 ಪೌಂಡ್ ತಾಳುವಂಥದ್ದು. ಸಾದಾ ನೈಲಾನ್ ತಂಗೂಸಿ ಬಲು ನಿಧಾನವಾಗಿ ಮುಳುಗುವುದರಿಂದ ಎರೆಯನ್ನು ಇನ್ನಷ್ಟು ಮೇಲಿಡುತ್ತದೆ. ಬೇಗ ಮುಳುಗುವ ಫ್ಲೂರೊಕಾರ್ಬನ್ ಅರ್ಧ ಅಡಿ ಕೆಳಗಿಳಿಸುತ್ತದೆ. ದಾರ ದಪ್ಪವಾದಷ್ಟೂ ಆಳ ಕಡಿಮೆ. ಈ ಮೂರನ್ನು ಕೂಡಿಸಿ ಕಳೆದು ಒಂದೇ ಎರೆಯನ್ನು ಎರಡು ಅಡಿಗೂ ನಾಲ್ಕು ಅಡಿಗೂ ಓಡಿಸಬಹುದು.

ಹೊಸ ಎರೆ ಪೆಟ್ಟಿಗೆಯಿಂದ ಬಂದಂತೆಯೇ ನೇರ ಓಡುವುದು ಅಪರೂಪ. ಹತ್ತಡಿ ದಾರ ಬಿಟ್ಟು ದೋಣಿಯ ಪಕ್ಕ ಎಳೆದು ನೋಡಬೇಕು. ನಮ್ಮತ್ತ ಬರುತ್ತ ಎರೆ ಎಡಕ್ಕೆ ವಾಲಿದರೆ, ಮೂತಿಯನ್ನು ನಮ್ಮ ಕಡೆಗೇ ತಿರುಗಿಸಿ ಹಿಡಿದು, ದಾರದ ಕಣ್ಣನ್ನು ಚಿಮ್ಮಟದಂಥ ಸಣ್ಣ ಇಕ್ಕಳದಿಂದ ಬಲಕ್ಕೆ ಕೂದಲೆಳೆಯಷ್ಟು ಬಾಗಿಸುವುದು. ಬಲಕ್ಕೆ ವಾಲಿದರೆ ಎಡಕ್ಕೆ. ಕಣ್ಣನ್ನು ತಿರುಚಬಾರದು, ಬಾಗಿಸಬೇಕು, ಅದೂ ಕಂಡೂ ಕಾಣದಷ್ಟು. ಮತ್ತೆ ನೀರಿಗಿಟ್ಟು ಮತ್ತೆ ಎಳೆಯುವುದು. ವೀಣೆಯ ಬಿರಡೆ ತಿರುಗಿಸಿ ತಂತಿ ಮೀಟಿ ನೋಡುವಷ್ಟೇ ತಾಳ್ಮೆಯ ಕೆಲಸ ಇದು. ಒಂದು ದೊಡ್ಡ ಮೀನನ್ನು ಎಳೆದ ಮೇಲೆ, ಒಂದು ಕಲ್ಲಿಗೆ ಜೋರಾಗಿ ಬಡಿದ ಮೇಲೆ ಮತ್ತೆ ಶ್ರುತಿ ನೋಡಬೇಕು.

ಬಣ್ಣದ ಬಗ್ಗೆ ಗಾಳಗಾರರು ಆಡುವಷ್ಟು ಮಾತಿಗೆ ಆಧಾರ ಕಡಿಮೆ. ಕದಡಿದ ನೀರಿಗೆ ಕಪ್ಪು ಬೆನ್ನಿನ ನಿಂಬೆಹಳದಿ, ತಣ್ಣನೆಯ ಋತುವಿನ ಆರಂಭಕ್ಕೆ ಕ್ರೇಫಿಶ್ ಬಣ್ಣದ ಕೆಂಪು ಕಂದು, ತಿಳಿನೀರಿಗೆ ಬ್ಯಾಸ್‌ಗೆ ಆಹಾರವಾಗುವ ಶಾಡ್ ಎಂಬ ಮೀನಿನ ಬೆಳ್ಳಿ: ಇಷ್ಟಿದ್ದರೆ ಸಾಕು. ಬ್ಯಾಸ್ ಕಣ್ಣಿನಲ್ಲಿ ಕೆಂಪಿಗೂ ಹಸಿರಿಗೂ ಸ್ಪಂದಿಸುವ ಎರಡೇ ಬಗೆಯ ಶಂಕುಕೋಶಗಳಿವೆಯೆಂದೂ, ಅದು ಕೆಂಪನ್ನು ಚೆನ್ನಾಗಿ ಗುರುತಿಸುತ್ತದೆಯೆಂದೂ, ಆದರೆ ನಿಂಬೆಹಳದಿಯನ್ನು ಬಿಳಿಯಿಂದಲೂ ನೀಲಿಯನ್ನು ಕಪ್ಪಿನಿಂದಲೂ ಬೇರ್ಪಡಿಸಲು ತಡವರಿಸುತ್ತದೆಯೆಂದೂ ಇಲಿನಾಯ್ ವಿಶ್ವವಿದ್ಯಾಲಯದ ಸಂಶೋಧಕರು ತೋರಿಸಿದ್ದಾರೆ. ರೇಬರ್ನ್‌ನ ಕೆಂಪು ಎರೆಯ ನಂಬಿಕೆಗೆ ಇದರಿಂದ ಬಲ ಬಂದಿದೆ.

ಗೂಡಿನ ಕಾಲ

ನೀರು 16ರಿಂದ 20 ಡಿಗ್ರಿ ತಲುಪಿದಾಗ ಗಂಡು ಬ್ಯಾಸ್ ಸೊಂಟದುದ್ದದೊಳಗಿನ ನೀರಿನಲ್ಲಿ ಬಾಲ ಬೀಸಿ ತಳದ ಕೆಸರು ಗುಡಿಸಿ, ತಟ್ಟೆಯಂಥ ಗೂಡು ಮಾಡುತ್ತದೆ. ಹೆಣ್ಣು ಅಲ್ಲಿ ಮೊಟ್ಟೆಯಿಟ್ಟು ಹೊರಟುಹೋಗುತ್ತದೆ. ಉಳಿದ ಕೆಲಸವೆಲ್ಲ ಗಂಡಿನದು: ಮೊಟ್ಟೆಗೆ ಬಾಲದಿಂದ ನೀರು ಬೀಸುವುದು, ಎರಡರಿಂದ ಐದು ದಿನದಲ್ಲಿ ಮರಿಯೊಡೆದ ಮೇಲೆ ಕಪ್ಪು ಮೋಡದಂತೆ ಚಲಿಸುವ ಮರಿಗಳ ಕೆಳಗೆ ಕಾವಲಿರುವುದು. ನಮ್ಮ ಕೆರೆಗಳಲ್ಲಿ ಮರಿಗಳ ಗುಂಪಿನಡಿ ಕಾವಲು ನಿಲ್ಲುವ ಕೊರವ ಮೀನನ್ನು ಕಂಡವರಿಗೆ ಈ ಚಿತ್ರ ಹೊಸದಲ್ಲ. ಗೂಡಿನ ಗಂಡು ಹಸಿವಿಲ್ಲದಿದ್ದರೂ ಹತ್ತಿರ ಬಂದದ್ದನ್ನೆಲ್ಲ ಕಚ್ಚಿ ಓಡಿಸುತ್ತದೆ. ಆದ್ದರಿಂದ ಈ ಹಂತದಲ್ಲಿ ಅದನ್ನು ಹಿಡಿಯುವುದು ಸುಲಭ, ಹಿಡಿಯಬೇಕೇ ಎಂಬುದು ಬೇರೆ ಪ್ರಶ್ನೆ. 1990ರ ದಶಕದಲ್ಲಿ ಕೆನಡಾದ ಒಂಟಾರಿಯೊದಲ್ಲಿ ನಡೆದ ಅಧ್ಯಯನಗಳು ಇದನ್ನು ನೀರಿನೊಳಗೇ ಕೂತು ನೋಡಿವೆ. ಗಂಡನ್ನು ಸ್ವಲ್ಪ ಹೊತ್ತು ಎತ್ತಿಕೊಂಡರೂ ಸನ್‌ಫಿಶ್‌ಗಳು ಗೂಡಿಗೆ ನುಗ್ಗಿ ಮೊಟ್ಟೆ ತಿಂದುಬಿಡುತ್ತವೆ. ಹೆಚ್ಚು ಹೊತ್ತು ಹೊರಗಿಟ್ಟಷ್ಟೂ ಅದು ಗೂಡು ತೊರೆಯುವ ಸಂಭವ ಹೆಚ್ಚು. ಒಂಟಾರಿಯೊದ ಬಹುಭಾಗದಲ್ಲಿ ಬಹುಕಾಲದಿಂದ ಜೂನ್‌ವರೆಗೆ ಬ್ಯಾಸ್ ಬೇಟೆ ಮುಚ್ಚಿರುವುದು ಮರಿಗಳ ಈ ಕಾಲವನ್ನು ಕಾಯಲೆಂದೇ. ಬೆಳೆಯುವ ಕಾಲ ದೀರ್ಘವಾಗಿರುವ ದಕ್ಷಿಣದ ರಾಜ್ಯಗಳಲ್ಲಿ ಅಂಥ ನಿಷೇಧ ಸಾಮಾನ್ಯವಾಗಿ ಇಲ್ಲ. ಕಾನೂನು ಬಿಟ್ಟರೂ ಗೂಡು ಕಂಡ ಕಡೆ ಎರೆ ಎಸೆಯದೆ ಮುಂದೆ ಸಾಗುವುದೇ ಸರಿಯೆಂದು ಈ ಲೇಖಕನಿಗೆ ತೋರುತ್ತದೆ. ಕ್ರ್ಯಾಂಕ್‌ಬೈಟ್‌ಗೆ ಗೂಡಿಗಿಂತ ಮುಂಚಿನ ವಾರಗಳೇ ಸಾಕಷ್ಟು ಕೊಡುತ್ತವೆ.

ಮೀನನ್ನು ಮರಳಿ ಬಿಡುವ ರೂಢಿ 1972ರಲ್ಲಿ ರೇ ಸ್ಕಾಟ್ ಪಂದ್ಯಗಳಲ್ಲಿ ಶುರುಮಾಡಿದ ಚಳವಳಿಯಿಂದ ಬೇರೂರಿತು. ಆರು ಮುಳ್ಳುಗಳ ಈ ಎರೆಯಿಂದ ಮೀನನ್ನು ಬಿಡಿಸುವುದು ಎಚ್ಚರದ ಕೆಲಸ. ಕೈ ಒದ್ದೆ ಮಾಡಿಕೊಂಡು, ಉದ್ದ ಇಕ್ಕಳದಿಂದ, ಸಾಧ್ಯವಾದರೆ ನೀರಿನಲ್ಲೇ ಬಿಡಿಸಬೇಕು. ಕೆಲವರು ಮುಳ್ಳಿನ ಹಿಮ್ಮೊನೆಯನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರುತ್ತಾರೆ. ಟೆಕ್ಸಾಸ್‌ನಲ್ಲಿ 1986ರಿಂದ ಒಂದು ಏರ್ಪಾಡಿದೆ: ವಸಂತದಲ್ಲಿ ಸಿಕ್ಕ 13 ಪೌಂಡ್ ಮೀರಿದ ಹೆಣ್ಣುಮೀನನ್ನು ಸರ್ಕಾರದ ಮರಿಸಾಕಣೆಗೆ ಸಾಲವಾಗಿ ಕೊಟ್ಟರೆ, ಮರಿ ಮಾಡಿಸಿ ಅದೇ ಕೆರೆಗೆ ಮರಳಿಸುತ್ತಾರೆ. ಡಲ್ಲಾಸ್ ಸುತ್ತಲಿನ ಕನ್ನಡಿಗರಿಗೆ ಎಟುಕುವ ದೂರದಲ್ಲಿರುವ ಲೇಕ್ ಫೋರ್ಕ್‌ನಲ್ಲಿ 16ರಿಂದ 24 ಇಂಚಿನೊಳಗಿನ ಬ್ಯಾಸನ್ನು ಮನೆಗೆ ಒಯ್ಯುವಂತಿಲ್ಲ. ಪ್ರತಿ ರಾಜ್ಯದ ಪರವಾನಗಿ ಬೇರೆ, ಅಳತೆ ಬೇರೆ. ದಡದಲ್ಲಿ ನಿಂತು ಎಸೆಯುವವರಿಗೂ ಇದು ಅನ್ವಯಿಸುತ್ತದೆ. ಅಮೆರಿಕದಲ್ಲಿ ಮಾರುವ ಪ್ರತಿ ಎರೆಯ ಮೇಲೂ 1950ರ ಕಾನೂನಿನಂತೆ ತಯಾರಕರು ಕಟ್ಟುವ ಶೇಕಡಾ 10ರ ತೆರಿಗೆ ರಾಜ್ಯಗಳ ಮೀನು ಸಂರಕ್ಷಣೆಗೇ ಹೋಗುತ್ತದೆ.

ತಾಯ್ನೆಲದಾಚೆಗೆ ಈ ಮೀನು ಅತಿಥಿಯಾಗಿ ಉಳಿದಿಲ್ಲ. 1925ರಲ್ಲಿ ಜಪಾನಿನ ಆಶಿ ಸರೋವರಕ್ಕೆ ತಂದುಬಿಟ್ಟ ಬ್ಯಾಸ್ ದೇಶವಿಡೀ ಹಬ್ಬಿ ಸ್ಥಳೀಯ ಮೀನುಗಳನ್ನು ತಿಂದುಹಾಕಿತು. 2005ರಲ್ಲಿ ಜಾರಿಗೆ ಬಂದ ಕಾನೂನಿನಿಂದ ಅಲ್ಲಿ ಅದನ್ನು ಜೀವಂತ ಸಾಗಿಸುವುದೇ ಅಪರಾಧ, ಬಿವಾದಲ್ಲಂತೂ ಹಿಡಿದದ್ದನ್ನು ಮರಳಿ ನೀರಿಗೆ ಬಿಡುವಂತಿಲ್ಲ. ಜಗತ್ತಿನ 100 ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೂ ಇದರ ಹೆಸರಿದೆ. ತಿಲಾಪಿಯಾ ಮತ್ತು ಆಫ್ರಿಕನ್ ಕ್ಯಾಟ್‌ಫಿಶ್‌ಗಳಿಂದ ಈಗಾಗಲೇ ನಲುಗಿರುವ ಕರ್ನಾಟಕದ ನೀರುಗಳಿಗೆ ಇದನ್ನು ತರುವ ಯೋಚನೆ ಯಾರಿಗೂ ಬಾರದಿರಲಿ.

ಋತುವಿನ ಕೊನೆ

ಟೆನೆಸಿ ನದಿಗೆ ಅಡ್ಡವಾಗಿ 1939ರಲ್ಲಿ ಮುಗಿದ ಗಂಟರ್ಸ್‌ವಿಲ್ ಅಣೆಕಟ್ಟಿನ ಹಿನ್ನೀರು ಸುಮಾರು 28,000 ಹೆಕ್ಟೇರು. ಚಳಿಗಾಲಕ್ಕೂ ಬೇಸಿಗೆಗೂ ಅಲ್ಲಿ ನೀರಿನ ಮಟ್ಟ ಎರಡಡಿಯಷ್ಟೇ ವ್ಯತ್ಯಾಸವಾಗುವುದರಿಂದ ದಡದ ಜೊಂಡು ಒಣಗದೆ ಉಳಿಯುತ್ತದೆ. ವಸಂತದ ಇಡೀ ನಡೆಯನ್ನು ಒಂದೇ ಕಡೆ ಕಾಣಲು ಅದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಫೆಬ್ರವರಿಯಲ್ಲಿ ಹೆದ್ದಾರಿ ಸೇತುವೆಗಳ ಕಲ್ಲುಹಾಸಿನ ಮೇಲೆ ಚಪ್ಪಟೆ ಎರೆ, ಮಾರ್ಚ್‌ನಲ್ಲಿ ಮೊಳೆಯುವ ಜೊಂಡಿನ ಮೇಲೆ ತುಟಿಯಿಲ್ಲದ ಎರೆ, ಏಪ್ರಿಲ್‌ನಲ್ಲಿ ಕೊಲ್ಲಿಯೊಳಗಿನ ಮೋಟುಗಳಿಗೆ ಚೌಕತುಟಿ. ಗೂಡುಗಳ ಕಾಲ ಕಳೆದು ನೀರು 20 ಡಿಗ್ರಿ ದಾಟುವಾಗ ಶಾಡ್ ಮೀನುಗಳು ಮೊಟ್ಟೆಯಿಡಲು ನಸುಕಿನಲ್ಲಿ ಕಲ್ಲುದಂಡೆಗೆ ಬರುತ್ತವೆ. ಕಲ್ಲಿಗೆ ಮೈ ಉಜ್ಜುತ್ತ ಅವು ಬೆಳ್ಳಿಯಂತೆ ಮಿನುಗುವಾಗ, ಮೊಟ್ಟೆಯಿಟ್ಟು ಸೊರಗಿದ ಬ್ಯಾಸ್‌ಗಳು ಅವುಗಳ ಕೆಳಗೆ ಸಾಲುಗಟ್ಟಿ ನಿಲ್ಲುತ್ತವೆ. ಬಿಳಿಯ ಚೌಕತುಟಿಗೆ ಅದು ಆ ವರ್ಷದ ಕೊನೆಯ ದೊಡ್ಡ ಅವಕಾಶ, ಅದೂ ಸೂರ್ಯ ಏರುವವರೆಗೆ ಮಾತ್ರ. ಮೇ ಕಳೆಯುತ್ತಿದ್ದಂತೆ ಮೀನು ನದಿಯ ಹಳೆಯ ಪಾತ್ರದ ಅಂಚಿಗೆ, ಹದಿನೈದು ಇಪ್ಪತ್ತು ಅಡಿ ಆಳಕ್ಕೆ ಇಳಿಯುತ್ತದೆ. ಗಾಳಗಾರ ಚೌಕತುಟಿಯ ಎರೆಗಳನ್ನು ಬಿಚ್ಚಿ ಒರೆಸಿಟ್ಟು, ಉದ್ದ ತುಟಿಯವುಗಳನ್ನು ದಾರಕ್ಕೆ ಕಟ್ಟುತ್ತಾನೆ.